ಲೆಕ್ಕಕ್ಕೆ ಬಾರದ ಕೂಲಿ

ಕಲೆ ಮತ್ತು ಉದ್ಯಮ ಎಂಬ ಎರಡು ಮಾತುಗಳನ್ನು ಒಟ್ಟಿಗೆ ಹೇಳುವುದು ನಮ್ಮಲ್ಲಿ ಇನ್ನೂ ಅಷ್ಟೊಂದು ಮರ್ಯಾದೆಯ ಸಂಗತಿಯಾಗಿಲ್ಲ. ಸನ್ಮಾನಪತ್ರಗಳಲ್ಲಿ ನಾವು ‘ಕಲಾಸೇವೆ’ ಎಂದು ಬರೆಸುತ್ತೇವೆಯೇ ಹೊರತು ‘ವೃತ್ತಿ’ ಎಂದು ಬರೆಸುವುದು ಕಡಿಮೆ. ಸಂಭಾವನೆಯ ಮೊತ್ತವನ್ನು ಮೊದಲೇ ಕೇಳುವ ಕಲಾವಿದನನ್ನು ಹಣದಾಸೆಯವನೆಂದೂ ಕೇಳದೆ ಬಂದು ಹೋಗುವವನನ್ನು ದೊಡ್ಡ ಮನಸ್ಸಿನವನೆಂದೂ ಕರೆಯುವುದು ರೂಢಿ. ಆದರೆ ಆ ದೊಡ್ಡ ಮನಸ್ಸಿನ ಖರ್ಚನ್ನು ಯಾರು ಭರಿಸುತ್ತಾರೆ? ಈ ಪ್ರಶ್ನೆಯನ್ನು ಕೇಳುವವರು ವಿರಳ.

ನನಗೆ ಈ ಪ್ರಶ್ನೆ ನೇರವಾಗಿ ಎದುರಾದದ್ದು ಲಂಡನ್ನಿನಲ್ಲಿ. 2022ರ ಸೆಪ್ಟೆಂಬರಿನಿಂದ ಒಂದು ವರ್ಷ ಅಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಕಲೆ ಮತ್ತು ಉದ್ಯಮಶೀಲತೆ ಎಂಬ ವಿಷಯದಲ್ಲಿ ಸ್ನಾತಕೋತ್ತರ ಪದವಿಗಾಗಿ ಓದಿದೆ. ನನ್ನ ತಂದೆ ಕುಂದಾಪುರದ ಸಮೀಪ ಯಕ್ಷಗಾನದ ವೇಷಭೂಷಣಗಳನ್ನು ತಯಾರಿಸಿ ಬಾಡಿಗೆಗೆ ಕೊಡುವವರು. ಕಿರೀಟ, ಭುಜಕೀರ್ತಿ, ಎದೆಕಟ್ಟು, ವೀರಗಸೆ, ಡಾಬು ಇವುಗಳ ನಡುವೆಯೇ ನಾನು ಬೆಳೆದವಳು. ಅನಂತರ ಬೆಂಗಳೂರಿನ ಹವ್ಯಾಸಿ ರಂಗತಂಡವೊಂದರಲ್ಲಿ ಆರು ವರ್ಷ ಸಭಾಂಗಣ ಕಾಯ್ದಿರಿಸುವ, ಟಿಕೆಟ್ ಮಾರುವ, ಧನಸಹಾಯಕ್ಕೆ ಅರ್ಜಿ ಬರೆಯುವ ಕೆಲಸಗಳನ್ನು ನೋಡಿಕೊಂಡೆ. ಪ್ರತಿಯೊಂದು ನಾಟಕದ ಕೊನೆಯಲ್ಲೂ ಚಪ್ಪಾಳೆ ಉಳಿಯುತ್ತಿತ್ತು, ಹಣ ಉಳಿಯುತ್ತಿರಲಿಲ್ಲ. ಹೀಗೇಕೆ ಎಂಬುದನ್ನು ಯಾರಾದರೂ ಕ್ರಮಬದ್ಧವಾಗಿ ಕಲಿಸುವುದಾದರೆ ಕಲಿಯಬೇಕೆಂಬ ಹಂಬಲದಿಂದ ಹೊರಟೆ.

ಹೊರಡುವುದೇ ಒಂದು ಲೆಕ್ಕದ ಪಾಠವಾಗಿತ್ತು. ಬೋಧನಾ ಶುಲ್ಕ ಸುಮಾರು 20,000 ಪೌಂಡ್. ಶಿಕ್ಷಣ ಸಾಲ ಏಳೂವರೆ ಲಕ್ಷ ರೂಪಾಯಿ ಮೀರಿದರೆ ಬ್ಯಾಂಕುಗಳು ಸಾಮಾನ್ಯವಾಗಿ ಅಡಮಾನ ಕೇಳುತ್ತವೆ. ಹೀಗಾಗಿ ಅಡಿಕೆ ತೋಟದ ಪತ್ರ ಬ್ಯಾಂಕಿನ ಕಪಾಟು ಸೇರಿತು. ಶುಲ್ಕವಲ್ಲದೆ, ಒಂಬತ್ತು ತಿಂಗಳ ಜೀವನ ನಿರ್ವಹಣೆಗೆ ಸಾಲುವಷ್ಟು ಹಣ ಸತತ 28 ದಿನ ಖಾತೆಯಲ್ಲಿತ್ತೆಂದು ತೋರಿಸಿದರೆ ಮಾತ್ರ ವೀಸಾ. ನಾನು ವಿಮಾನ ಹತ್ತಿದಾಗ ತೊಂಬತ್ತು ರೂಪಾಯಿಯ ಆಸುಪಾಸಿನಲ್ಲಿದ್ದ ಪೌಂಡ್ ಮುಂದಿನ ಬೇಸಿಗೆಯ ಹೊತ್ತಿಗೆ ನೂರನ್ನು ದಾಟಿತು. ಊರಿನಿಂದ ಬರುತ್ತಿದ್ದ ಹಣ ದಾರಿಯಲ್ಲಿಯೇ ಸವೆಯುತ್ತಿತ್ತು. ಉದ್ಯಮಶೀಲತೆಯನ್ನು ಓದಲು ಬಂದವಳಿಗೆ ‘ವಿನಿಮಯದ ನಷ್ಟ’ ಎಂಬ ಪಾರಿಭಾಷಿಕ ಪದದ ಅರ್ಥ ಪುಸ್ತಕ ತೆರೆಯುವ ಮೊದಲೇ ತಿಳಿಯಿತು.

ಇಂತಹದೊಂದು ಪದವಿ ಬ್ರಿಟನ್ನಿನಲ್ಲಿ ಏಕೆ ಹುಟ್ಟಿಕೊಂಡಿತು ಎಂಬುದಕ್ಕೆ ಒಂದು ಇತಿಹಾಸವಿದೆ. ಎರಡನೆಯ ಮಹಾಯುದ್ಧದ ನಂತರ, 1946ರಲ್ಲಿ, ಆ ದೇಶ ಆರ್ಟ್ಸ್ ಕೌನ್ಸಿಲ್ ಸ್ಥಾಪಿಸಿತು. ಅದರ ರೂಪುರೇಷೆಯ ಹಿಂದಿದ್ದ ಮುಖ್ಯ ವ್ಯಕ್ತಿ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್. ಸರ್ಕಾರ ಹಣ ಕೊಡಬೇಕು, ಆದರೆ ಏನನ್ನು ಆಡಬೇಕು, ಬರೆಯಬೇಕು ಎಂಬುದರಲ್ಲಿ ಕೈ ಹಾಕಬಾರದು ಎಂಬುದು ಆ ವ್ಯವಸ್ಥೆಯ ತತ್ವ. ಅರ್ಧ ಶತಮಾನದ ನಂತರ ಭಾಷೆ ಬದಲಾಯಿತು. 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಸರ್ಕಾರದ ಸಂಸ್ಕೃತಿ ಇಲಾಖೆ 1998ರಲ್ಲಿ ‘ಸೃಜನಶೀಲ ಉದ್ಯಮಗಳ’ ಸಮೀಕ್ಷಾ ದಾಖಲೆಯೊಂದನ್ನು ಹೊರತಂದಿತು. ಜಾಹೀರಾತು, ವಾಸ್ತುಶಿಲ್ಪ, ಕರಕುಶಲ ಕಲೆ, ಸಂಗೀತ, ರಂಗಕಲೆ, ಪ್ರಕಾಶನ, ಚಲನಚಿತ್ರ, ಸಾಫ್ಟ್‌ವೇರ್ ಹೀಗೆ 13 ಕ್ಷೇತ್ರಗಳನ್ನು ಅದು ಒಂದೇ ಚಪ್ಪರದ ಕೆಳಗೆ ಕೂರಿಸಿತು. ವ್ಯಕ್ತಿಯ ಪ್ರತಿಭೆಯಿಂದ ಹುಟ್ಟಿ, ಬೌದ್ಧಿಕ ಸ್ವತ್ತಿನ ಮೂಲಕ ಸಂಪತ್ತನ್ನೂ ಉದ್ಯೋಗವನ್ನೂ ಸೃಷ್ಟಿಸುವ ಚಟುವಟಿಕೆಗಳು ಇವೆಲ್ಲ ಎಂಬುದು ಅದರ ವ್ಯಾಖ್ಯೆ.

ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಬೇಡುವವನ ಸ್ಥಾನದಲ್ಲಿದ್ದ ಕಲಾವಿದನಿಗೆ ದುಡಿಯುವವನ ಸ್ಥಾನ ಸಿಕ್ಕಿತು. ಅದೇ ಉಸಿರಿನಲ್ಲಿ, ಕಾಪಾಡಬೇಕಾದ ಕಲೆಗೂ ‘ನಿನ್ನ ಸಂಪಾದನೆ ಎಷ್ಟು?’ ಎಂದು ಕೇಳುವ ಅಧಿಕಾರ ಖಜಾನೆಗೆ ದೊರೆಯಿತು. ವಿಶ್ವವಿದ್ಯಾಲಯಗಳು ಈ ಎರಡರ ನಡುವೆ ನಿಂತು ಪಠ್ಯಕ್ರಮಗಳನ್ನು ರಚಿಸಿದವು.

ನಮ್ಮ ತರಗತಿಯಲ್ಲಿ ಬ್ರಿಟನ್ನಿನವರಿಗಿಂತ ಹೊರಗಿನವರೇ ಹೆಚ್ಚಿದ್ದೆವು. ಚೀನಾದಿಂದ ಬಂದ ಚಿತ್ರಕಾರ್ತಿ, ಕೊಲಂಬಿಯಾದ ನರ್ತಕ, ನೈಜೀರಿಯಾದ ವಸ್ತ್ರವಿನ್ಯಾಸಕಿ, ಕೊರಿಯಾದ ಸಂಗೀತಗಾರ್ತಿ. ಮೊದಲ ಅವಧಿಯಲ್ಲಿ ಕಲಿಸಿದ್ದು ಹೆಚ್ಚಾಗಿ ಸಲಕರಣೆಗಳನ್ನು. ಅಲೆಕ್ಸಾಂಡರ್ ಆಸ್ಟರ್‌ವಾಲ್ಡರ್ ರೂಪಿಸಿದ ಒಂಬತ್ತು ಚೌಕಗಳ ವ್ಯವಹಾರ ನಕ್ಷೆ ಈಗ ಜಗತ್ತಿನಾದ್ಯಂತ ಪರಿಚಿತ. ನಿಮ್ಮ ಗ್ರಾಹಕರು ಯಾರು, ಅವರಿಗೆ ನೀವು ಕೊಡುವುದೇನು, ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂಬುದನ್ನು ಒಂದೇ ಹಾಳೆಯಲ್ಲಿ ತುಂಬಬೇಕು. ಮೇಲ್ನೋಟಕ್ಕೆ ಸರಳ. ಆದರೆ ಹರಕೆಯ ಬಯಲಾಟದ ‘ಗ್ರಾಹಕ’ ಯಾರು? ಹಣ ಕೊಡುವ ಹರಕೆದಾರನೇ, ಇರುಳಿಡೀ ಕುಳಿತು ನೋಡುವ ಊರವರೇ, ಯಾರ ಹೆಸರಿನಲ್ಲಿ ಆಟ ನಡೆಯುತ್ತದೆಯೋ ಆ ದೇವರೇ? ನಾನು ಆ ಚೌಕದಲ್ಲಿ ಮೂರನ್ನೂ ಬರೆದೆ. ಅಧ್ಯಾಪಕಿ ನಗಲಿಲ್ಲ, ಮೂರನೆಯದನ್ನು ವಿವರಿಸಲು ಇಪ್ಪತ್ತು ನಿಮಿಷ ಕೊಟ್ಟರು. ಆ ತರಗತಿಯ ಬಗ್ಗೆ ನನಗಿರುವ ಗೌರವಕ್ಕೆ ಅದೂ ಒಂದು ಕಾರಣ.

ಇನ್ನೊಂದು ಪಾಠ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿದಿದೆ. ಭಾರತ ಮೂಲದ ವಿದ್ವಾಂಸೆ ಸರಸ್ ಸರಸ್ವತಿ ಅವರು ಅನುಭವಿ ಉದ್ಯಮಿಗಳು ಹೇಗೆ ಯೋಚಿಸುತ್ತಾರೆ ಎಂಬುದನ್ನು ಅಧ್ಯಯನ ಮಾಡಿ 2001ರಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಅವರು ಅಡುಗೆಯ ನಿದರ್ಶನ ಕೊಡುತ್ತಾರೆ. ಒಬ್ಬ ಅಡುಗೆಯವ ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿ ಬೇಕಾದ ಸಾಮಗ್ರಿ ತರುತ್ತಾನೆ. ಇನ್ನೊಬ್ಬ ಅಡುಗೆಮನೆಯಲ್ಲಿ ಏನಿದೆಯೆಂದು ನೋಡಿ ಅದರಿಂದ ಏನು ಮಾಡಬಹುದೆಂದು ಯೋಚಿಸುತ್ತಾನೆ. ಅನುಭವಿ ಉದ್ಯಮಿಗಳು ಹೆಚ್ಚಾಗಿ ಎರಡನೆಯ ಬಗೆಯವರು. ಎಷ್ಟು ಲಾಭ ಬರುತ್ತದೆ ಎನ್ನುವುದಕ್ಕಿಂತ ಎಷ್ಟು ನಷ್ಟವನ್ನು ತಾಳಿಕೊಳ್ಳಬಲ್ಲೆವು ಎಂಬುದನ್ನು ಮೊದಲು ನೋಡುವವರು. ಹಿತ್ತಲಿನ ಸೊಪ್ಪಿನಲ್ಲಿ ತಂಬುಳಿ ಮಾಡಿ ಬಂದ ನೆಂಟರಿಗೆ ಬಡಿಸುವ ನಮ್ಮ ಮನೆಗಳ ಹೆಂಗಸರಿಗೆ ಈ ಸಿದ್ಧಾಂತವನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಪಾಠಗಳ ಭಾಗವಾಗಿ ಥೇಮ್ಸ್ ನದಿಯ ದಕ್ಷಿಣ ದಂಡೆಯ ಎರಡು ರಂಗಮಂದಿರಗಳ ಹಣಕಾಸನ್ನು ಹೋಲಿಸಿ ನೋಡಿದೆವು. ಒಂದು, 1963ರಲ್ಲಿ ಆರಂಭವಾಗಿ 1976ರಲ್ಲಿ ಈಗಿನ ಕಟ್ಟಡಕ್ಕೆ ಬಂದ ನ್ಯಾಷನಲ್ ಥಿಯೇಟರ್. ಅದು ಆರ್ಟ್ಸ್ ಕೌನ್ಸಿಲ್‌ನ ಅನುದಾನ ಪಡೆಯುವ ಸಂಸ್ಥೆ. ಇನ್ನೊಂದು, ಅಮೆರಿಕದ ನಟ ಸ್ಯಾಮ್ ವನಮೇಕರ್ ಅವರ ಹಲವು ದಶಕಗಳ ಹಟದಿಂದ ಮರುನಿರ್ಮಾಣಗೊಂಡು 1997ರಲ್ಲಿ ತೆರೆದ ಶೇಕ್ಸ್‌ಪಿಯರ್ಸ್ ಗ್ಲೋಬ್. ಇದಕ್ಕೆ ಸರ್ಕಾರದ ನಿಯಮಿತ ವಾರ್ಷಿಕ ಅನುದಾನವಿಲ್ಲ. ಟಿಕೆಟ್, ಪ್ರವಾಸಿಗರು, ಶಿಕ್ಷಣ ಕಾರ್ಯಕ್ರಮ, ದಾನಿಗಳು ಇವರಿಂದಲೇ ನಡೆಯಬೇಕು. ಆದರೂ ತೆರೆದ ಅಂಗಳದಲ್ಲಿ ನಿಂತು ನೋಡುವವರಿಗೆ ತೀರಾ ಅಗ್ಗದ ಟಿಕೆಟ್ ಇಡುವ ಪದ್ಧತಿಯನ್ನು ಅದು ಬಿಟ್ಟಿಲ್ಲ. 2020ರ ಕೋವಿಡ್ ಕಾಲದಲ್ಲಿ ಬಾಗಿಲು ಮುಚ್ಚಿದಾಗ, ನೆರವು ಸಿಗದಿದ್ದರೆ ಮತ್ತೆ ತೆರೆಯಲಾಗದೆಂದು ಇದೇ ಗ್ಲೋಬ್ ಬಹಿರಂಗವಾಗಿ ಹೇಳಬೇಕಾಯಿತು.

ಕರಾವಳಿಯವಳಾದ ನನಗೆ ಈ ಎರಡು ಮಾದರಿಗಳು ಹೊಸವಾಗಿರಲಿಲ್ಲ. ಹರಕೆ ಮೇಳ ಮತ್ತು ಡೇರೆ ಮೇಳ ಎಂದು ನಾವು ಕರೆಯುವುದು ಇವನ್ನೇ. ಹರಕೆ ಮೇಳದ ಆಟಕ್ಕೆ ಒಬ್ಬ ಭಕ್ತ ಅಥವಾ ಒಂದು ಊರು ಪೂರ್ತಿ ಹಣ ಕೊಡುತ್ತದೆ, ನೋಡುವವರಿಗೆ ಉಚಿತ. ಕಟೀಲು, ಮಂದಾರ್ತಿಯಂತಹ ಕ್ಷೇತ್ರಗಳ ಮೇಳಗಳಿಗೆ ವರ್ಷಗಟ್ಟಲೆ ಮೊದಲೇ ಹರಕೆ ಬರೆಸಬೇಕಾದಷ್ಟು ಬೇಡಿಕೆ ಇದೆ. ಡೇರೆ ಮೇಳ ಟಿಕೆಟ್ ನಂಬಿ ನಡೆಯುವುದು. ಮಳೆ ಬಂದರೆ, ಪ್ರಸಂಗ ಸೋತರೆ ಯಜಮಾನ ಮುಳುಗಿದ. ಪತ್ತನಾಜೆ ಕಳೆದು ಮೇಳ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಮನೆಮನೆಗೆ ಹೋಗಿ ಆಡುವ ಚಿಕ್ಕಮೇಳ ಮೂರನೆಯ ಮಾದರಿ. ಆದಾಯದ ಮೂಲಗಳನ್ನು ಹಲವು ಮಾಡಿಕೊಳ್ಳಿ ಎಂದು ಪಠ್ಯಪುಸ್ತಕ ಉಪದೇಶಿಸುವುದನ್ನು ಇವರು ಮಾಡುತ್ತಲೇ ಬಂದಿದ್ದಾರೆ.

ನಾವು ಓದುತ್ತಿದ್ದ ಮೊದಲ ಅವಧಿಯಲ್ಲಿಯೇ ಅನುದಾನದ ಪ್ರಶ್ನೆ ಬ್ರಿಟನ್ನಿನ ದೊಡ್ಡ ಸುದ್ದಿಯಾಯಿತು. 2022ರ ನವೆಂಬರಿನಲ್ಲಿ ಆರ್ಟ್ಸ್ ಕೌನ್ಸಿಲ್ ಇಂಗ್ಲೆಂಡ್ ತನ್ನ ನಿಯಮಿತ ಅನುದಾನದ ಪಟ್ಟಿಯಿಂದ ಇಂಗ್ಲಿಷ್ ನ್ಯಾಷನಲ್ ಒಪೆರಾವನ್ನು ಕೈಬಿಟ್ಟಿತು. ಲಂಡನ್ನಿನ ಹೊರಗೆ ನೆಲೆ ಬದಲಿಸುವುದಾದರೆ ಮೂರು ವರ್ಷಕ್ಕೆ 1.7 ಕೋಟಿ ಪೌಂಡ್ ಕೊಡುವುದಾಗಿ ಹೇಳಿತು. ಡಾನ್‌ಮಾರ್ ವೇರ್‌ಹೌಸ್, ಹ್ಯಾಂಪ್‌ಸ್ಟೆಡ್ ಥಿಯೇಟರ್‌ಗಳ ಅನುದಾನವೂ ನಿಂತಿತು. ರಾಜಧಾನಿಯಲ್ಲೇ ಕೂಡಿಬಿದ್ದ ಹಣ ಇತರ ಊರುಗಳಿಗೂ ಹೋಗಲಿ ಎಂಬ ವಾದದಲ್ಲಿ ನ್ಯಾಯವಿದೆ. ಆದರೆ ಒಂದು ವಾದ್ಯವೃಂದವನ್ನೂ ಗಾಯನ ಮೇಳವನ್ನೂ ಸಾಮಾನಿನ ಗಂಟಿನಂತೆ ಹೊತ್ತೊಯ್ಯಲಾದೀತೇ ಎಂದು ಕಲಾವಿದರು ಕೇಳಿದರು. ಕಳೆದುಕೊಂಡವರಿಗೆ ಸಿಕ್ಕ ಸಲಹೆ ಎಂದರೆ, ‘ಇನ್ನಷ್ಟು ಉದ್ಯಮಶೀಲರಾಗಿ.’ ನಾವು ಓದುತ್ತಿದ್ದ ವಿಷಯದ ಹೆಸರನ್ನೇ ಸಮಾಧಾನದ ಮಾತಾಗಿ ಬಳಸುವುದನ್ನು ಅಂದು ಕಂಡೆ.

ಆ ಸಲಹೆಗೆ ಒಂದು ಮಿತಿ ಇದೆ ಎಂದು ತೋರಿಸಿಕೊಟ್ಟವರು ಅರ್ಥಶಾಸ್ತ್ರಜ್ಞರೇ. ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಪ್ರದರ್ಶನ ಕಲೆಗಳ ಆರ್ಥಿಕತೆಯ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿದರು. ಅದರ ತಿರುಳು ಇಷ್ಟು: ಕಾರ್ಖಾನೆಯಲ್ಲಿ ಯಂತ್ರ ಬಂದಂತೆ ಒಬ್ಬ ಕಾರ್ಮಿಕ ಮೊದಲಿಗಿಂತ ಹೆಚ್ಚು ಸರಕು ತಯಾರಿಸುತ್ತಾನೆ, ಆದ್ದರಿಂದ ಅವನ ಕೂಲಿ ಏರಬಹುದು. ಆದರೆ ನಾಲ್ವರು ನುಡಿಸಬೇಕಾದ ಸಂಗೀತಕೃತಿಗೆ ಇನ್ನೂರು ವರ್ಷದ ಹಿಂದೆಯೂ ನಾಲ್ವರೇ ಬೇಕಿತ್ತು, ಇಂದೂ ನಾಲ್ವರೇ ಬೇಕು. ಉಳಿದೆಡೆ ಕೂಲಿ ಏರಿದಂತೆ ಇವರ ಜೀವನವೆಚ್ಚವೂ ಏರುತ್ತದೆ, ಆದರೆ ಇವರ ‘ಉತ್ಪಾದನೆ’ ಏರುವುದಿಲ್ಲ. ಯಕ್ಷಗಾನದ ಮಾತೂ ಇದೇ. ಭಾಗವತ, ಮದ್ದಳೆ, ಚೆಂಡೆಯಿಲ್ಲದೆ ಹಿಮ್ಮೇಳವಿಲ್ಲ. ಯಾವ ತಂತ್ರಜ್ಞಾನವೂ ಒಬ್ಬ ಭಾಗವತನಿಂದ ಒಂದೇ ಇರುಳು ಎರಡು ಊರುಗಳಲ್ಲಿ ಹಾಡಿಸಲಾರದು. ಎಂದರೆ, ಜೀವಂತ ಕಲೆಯ ಖರ್ಚಿಗೂ ಗಳಿಕೆಗೂ ನಡುವೆ ಒಂದು ಅಂತರ ಇದ್ದೇ ಇರುತ್ತದೆ. ಅದನ್ನು ಯಾರಾದರೂ ತುಂಬಲೇಬೇಕು. ಸರ್ಕಾರವೋ, ಭಕ್ತನೋ, ಟಿಕೆಟ್ ಕೊಳ್ಳುವವನೋ, ದಾನಿಯೋ?

ಐದನೆಯದೊಂದು ಉತ್ತರ ನಮ್ಮ ಮನೆಯ ಲೆಕ್ಕದ ಪುಸ್ತಕದಲ್ಲಿತ್ತು. ಪ್ರಬಂಧದ ವಿಷಯವಾಗಿ ನಾನು ತಂದೆಯವರ ವೃತ್ತಿಯನ್ನೇ ಆಯ್ದುಕೊಂಡಿದ್ದೆ. ಅವರ ಮೂರು ವರ್ಷಗಳ ಲೆಕ್ಕದ ಪುಟಗಳನ್ನು ತಮ್ಮ ಮೊಬೈಲಿನಲ್ಲಿ ಚಿತ್ರ ತೆಗೆದು ಕಳುಹಿಸಿದ. ಮರ, ಕನ್ನಡಿ ಚೂರು, ಬೇಗಡೆ, ಬಟ್ಟೆ, ನೂಲು, ಅಂಟು, ರಿಕ್ಷಾ ಬಾಡಿಗೆ, ವೇಷ ಕಟ್ಟಲು ಜೊತೆಗೆ ಹೋದವನ ಸಂಬಳ, ಎಲ್ಲವೂ ಪೈಸೆಯ ತನಕ ದಾಖಲಾಗಿದ್ದವು. ಒಂದು ಮಾತ್ರ ಕಾಣಲಿಲ್ಲ. ಫೋನ್ ಮಾಡಿ, “ಅಪ್ಪ, ಇದರಲ್ಲಿ ನಿನ್ನ ಕೂಲಿ ಎಲ್ಲಿದೆ?” ಎಂದು ಕೇಳಿದೆ.

“ಅದಕ್ಕೆಂತ ಕೂಲಿ ಮಗಾ? ಮನೆಯಲ್ಲೇ ಕೂತು ಮಾಡುವುದಲ್ವಾ?” ಎಂದರು.

“ಅಮ್ಮ ಮಣಿ ಪೋಣಿಸುವುದು, ಬಟ್ಟೆ ಹೊಲಿಯುವುದು?”

“ಅವಳದ್ದೂ ಹಾಗೆಯೇ. ಅದನ್ನೆಲ್ಲ ಬರೆದರೆ ಬಾಡಿಗೆ ಯಾರು ಕೊಡ್ತಾರೆ?”

ಆ ರಾತ್ರಿ ಕುಳಿತು ಅವರಿಬ್ಬರ ದುಡಿಮೆಗೆ ಊರಿನ ತೋಟದ ಕೆಲಸದ ಕೂಲಿಯನ್ನೇ ಹಾಕಿ ಲೆಕ್ಕ ಮಾಡಿದೆ. ಲಾಭವೆಂದು ಕಾಣುತ್ತಿದ್ದ ಮೂರು ವರ್ಷಗಳಲ್ಲಿ ಎರಡು ನಷ್ಟದ ವರ್ಷಗಳಾದವು. ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಕಿರೀಟ ಧರಿಸಿ ಕುಣಿದದ್ದು, ಹವ್ಯಾಸಿ ಸಂಘ ಕಡಿಮೆ ಖರ್ಚಿನಲ್ಲಿ ಪ್ರಸಂಗ ಆಡಿದ್ದು, ಇವೆಲ್ಲದರ ಒಂದು ಪಾಲನ್ನು ಮೂವತ್ತು ವರ್ಷ ಕಾಲ ಕೊಡುತ್ತಾ ಬಂದವರು ನನ್ನ ತಂದೆ ತಾಯಿ. ಅವರ ಹೆಸರು ಯಾವ ಆಮಂತ್ರಣ ಪತ್ರಿಕೆಯ ‘ಪೋಷಕರು’ ಪಟ್ಟಿಯಲ್ಲಿಯೂ ಬಂದಿಲ್ಲ. ಬರಬೇಕಿತ್ತೆಂದು ಅವರಿಗೂ ತೋರಿಲ್ಲ. ನಮ್ಮ ಎಷ್ಟೋ ಕಲೆಗಳ ದೊಡ್ಡ ಪೋಷಕರು ರಾಜರೂ ಅಲ್ಲ, ಅಕಾಡೆಮಿಗಳೂ ಅಲ್ಲ. ಕಲಾವಿದರ ಮನೆಯವರು ಎಂಬುದು ಆ ಇಡೀ ವರ್ಷದಲ್ಲಿ ನಾನು ಕಲಿತ ಮುಖ್ಯ ಪಾಠ.

ಲೆಕ್ಕಕ್ಕೆ ಬಾರದೆ ಕೊಡುವವರು ಊರಿನಲ್ಲಿ ಮಾತ್ರ ಇದ್ದಾರೆಂದು ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಸ್ಥಳೀಯ ಪದವಿ ವಿದ್ಯಾರ್ಥಿಗಳ ವಾರ್ಷಿಕ ಶುಲ್ಕದ ಗರಿಷ್ಠ ಮಿತಿ 2017ರಿಂದ 2025ರ ತನಕ 9,250 ಪೌಂಡಿನಲ್ಲಿಯೇ ನಿಂತಿತ್ತು. ಬೆಲೆಗಳು ಏರಿದವು, ಶುಲ್ಕ ಏರಲಿಲ್ಲ. ವಿದೇಶಿ ವಿದ್ಯಾರ್ಥಿಗಳ ಶುಲ್ಕಕ್ಕೆ ಅಂತಹ ಮಿತಿಯಿಲ್ಲ. ಸಹಜವಾಗಿಯೇ ವಿಶ್ವವಿದ್ಯಾಲಯಗಳು ತಮ್ಮ ಕೊರತೆಯನ್ನು ಹೊರಗಿನಿಂದ ಬಂದವರ ಹಣದಿಂದ ತುಂಬಿಕೊಳ್ಳತೊಡಗಿದವು. ಒಂದೇ ತರಗತಿಯಲ್ಲಿ ನನ್ನ ಪಕ್ಕ ಕುಳಿತ ಬ್ರಿಟಿಷ್ ಸಹಪಾಠಿ ನಾನು ಕೊಟ್ಟದ್ದರ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟಿದ್ದ. ಕುಂದಾಪುರದ ಅಡಿಕೆ ತೋಟವೊಂದು ಇಂಗ್ಲೆಂಡಿನ ಉನ್ನತ ಶಿಕ್ಷಣದ ಪೋಷಕನಾಗಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಇದಕ್ಕಿಂತ ವಿಚಿತ್ರವಾದದ್ದು ವೀಸಾ ನಿಯಮ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಪದವಿ ಮಟ್ಟದ ವಿದ್ಯಾರ್ಥಿಗಳು ತರಗತಿಯ ಅವಧಿಯಲ್ಲಿ ವಾರಕ್ಕೆ 20 ಗಂಟೆ ಉದ್ಯೋಗ ಮಾಡಬಹುದು. ಆದರೆ ಸ್ವಂತ ಉದ್ಯೋಗ ಕೂಡದು, ವ್ಯವಹಾರ ನಡೆಸಕೂಡದು, ವೃತ್ತಿಪರ ಮನರಂಜಕರಾಗಿ ದುಡಿಯಕೂಡದು. ಓದು ಮುಗಿಸಿ ಉದ್ಯಮಿಗಳ ವೀಸಾಕ್ಕೆ ಅರ್ಜಿ ಹಾಕಿದವರಿಗೆ ಸಣ್ಣ ವಿನಾಯಿತಿಯೊಂದು ಇದೆ, ಅಷ್ಟೇ. ಎಂದರೆ, ಕಲೆ ಮತ್ತು ಉದ್ಯಮಶೀಲತೆಯನ್ನು ಓದುವ ವಿದೇಶಿ ವಿದ್ಯಾರ್ಥಿ ಹೋಟೆಲಿನಲ್ಲಿ ತಟ್ಟೆ ತೊಳೆಯಬಹುದು. ತನ್ನ ಕಲೆಯನ್ನು ಮಾರುವಂತಿಲ್ಲ, ಉದ್ಯಮ ಕಟ್ಟುವಂತಿಲ್ಲ.

2023ರ ಫೆಬ್ರುವರಿಯಲ್ಲಿ ಶಾಲೆಯೊಂದು ಮಕ್ಕಳಿಗೆ ಯಕ್ಷಗಾನದ ವೇಷ ಮತ್ತು ಹೆಜ್ಜೆಗಳ ಬಗ್ಗೆ ಒಂದು ದಿನದ ಕಮ್ಮಟ ನಡೆಸಲು ನನ್ನನ್ನು ಕೇಳಿತು. 150 ಪೌಂಡ್ ಕೊಡುತ್ತೇವೆ, ಇನ್‌ವಾಯ್ಸ್ ಕಳುಹಿಸಿ ಎಂದರು. ಅದೇ ವಾರ ತರಗತಿಯಲ್ಲಿ ಇನ್‌ವಾಯ್ಸ್ ಬರೆಯುವುದು ಹೇಗೆ, ಹಣ ಬರುವುದು ತಡವಾದರೆ ಏನು ಮಾಡಬೇಕು ಎಂದು ಕಲಿಸಿದ್ದರು. ವೀಸಾ ಸಲಹೆಗಾರರನ್ನು ಕೇಳಿದಾಗ ಸ್ಪಷ್ಟ ಉತ್ತರ ಬಂತು: ಇನ್‌ವಾಯ್ಸ್ ಕಳುಹಿಸುವುದೆಂದರೆ ಸ್ವಂತ ಉದ್ಯೋಗ, ಆದ್ದರಿಂದ ಆಗದು. ನಾನು ಕಮ್ಮಟವನ್ನು ಒಪ್ಪಿಕೊಳ್ಳಲಿಲ್ಲ. ಊರಿನಿಂದ ಕೈಚೀಲದಲ್ಲಿ ಎಚ್ಚರಿಕೆಯಿಂದ ಹೊತ್ತು ತಂದಿದ್ದ ಕಿರೀಟ ಕೋಣೆಯ ಕಪಾಟಿನ ಮೇಲೆಯೇ ಉಳಿಯಿತು. ವಾರಾಂತ್ಯದಲ್ಲಿ ರಂಗಮಂದಿರವೊಂದರ ಬಾಗಿಲಲ್ಲಿ ನಿಂತು ಪ್ರೇಕ್ಷಕರ ಟಿಕೆಟ್ ಪರೀಕ್ಷಿಸುವ ಕೆಲಸಕ್ಕೆ ಮಾತ್ರ ಯಾವ ಅಡ್ಡಿಯೂ ಇರಲಿಲ್ಲ.

ಹೊರದೇಶದವರ ಕೆಲಸಕ್ಕೆ ಮಿತಿ ಹಾಕುವ ಹಕ್ಕು ಪ್ರತಿಯೊಂದು ದೇಶಕ್ಕೂ ಇದೆ. ಅದನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಹೊರಡುವವರು ಇದನ್ನು ತಿಳಿದು ಹೊರಡಬೇಕು. ಓದು ಮುಗಿದ ಮೇಲೆ ಪಡೆಯಬಹುದಾದ ಗ್ರ್ಯಾಜುಯೇಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವಿದೆ. 2021ರಲ್ಲಿ ಆರಂಭವಾದಾಗ ಅದರ ಅವಧಿ ಎರಡು ವರ್ಷ. 2027ರ ಜನವರಿ 1ರಿಂದ ಅರ್ಜಿ ಹಾಕುವ ಸ್ನಾತಕೋತ್ತರ ಪದವೀಧರರಿಗೆ 18 ತಿಂಗಳು. ಹೊಸ ಉದ್ಯಮ ಆರಂಭಿಸುವವರಿಗಿದ್ದ ಸ್ಟಾರ್ಟ್-ಅಪ್ ವೀಸಾ ನಾವು ಓದುತ್ತಿದ್ದಾಗಲೇ, 2023ರ ಏಪ್ರಿಲ್‌ನಲ್ಲಿ, ಮುಚ್ಚಿತು. ಅದರ ಜಾಗಕ್ಕೆ ಬಂದ ಇನೊವೇಟರ್ ಫೌಂಡರ್ ವೀಸಾ ಮೂರು ಗುಣಗಳನ್ನು ಕೇಳುತ್ತದೆ: ಯೋಜನೆ ಹೊಸದಾಗಿರಬೇಕು, ಕಾರ್ಯಸಾಧ್ಯವಾಗಿರಬೇಕು, ದೊಡ್ಡದಾಗಿ ಬೆಳೆಯುವಂತಿರಬೇಕು. ಆ್ಯಪ್ ತಯಾರಿಸುವವರಿಗೆ ಇದು ಹೊಂದೀತು. ಕೈಯಿಂದ ಕಿರೀಟ ಕೆತ್ತುವವನ, ಹತ್ತು ಮಕ್ಕಳಿಗೆ ಹೆಜ್ಜೆ ಕಲಿಸುವವಳ ಕೆಲಸ ಹಾಗೆ ಬೆಳೆಯುವುದಿಲ್ಲ, ಬೆಳೆಯಬೇಕಾಗಿಯೂ ಇಲ್ಲ. ಬಾಮೋಲ್ ಹೇಳಿದ್ದು ಇದನ್ನೇ ಅಲ್ಲವೇ?

ಹಾಗಾದರೆ ಅಷ್ಟು ಹಣ ಕೊಟ್ಟು ಓದಿದ್ದು ವ್ಯರ್ಥವೇ ಎಂದು ಬಂಧುಗಳು ಕೇಳುತ್ತಾರೆ. ವ್ಯರ್ಥವೆನ್ನಲಾರೆ. ಒಪ್ಪಂದ ಪತ್ರವನ್ನು ಭಯವಿಲ್ಲದೆ ಓದುವುದು, ದರ ನಿಗದಿ ಮಾಡುವುದು, ಬೇಡವೆಂದು ವಿನಯದಿಂದ ಹೇಳುವುದು, ಕಲಾವಿದನ ಹಕ್ಕುಗಳನ್ನು ಗುರುತಿಸುವುದು ಇವನ್ನೆಲ್ಲ ಅಲ್ಲಿ ಕಲಿತೆ. ಭಾರತದ ಹಕ್ಕುಸ್ವಾಮ್ಯ ಕಾಯಿದೆ ಪ್ರದರ್ಶನಕಾರರಿಗೂ ಹಕ್ಕು ಕೊಡುತ್ತದೆ, 2012ರ ತಿದ್ದುಪಡಿ ಅದನ್ನು ಬಲಪಡಿಸಿತು ಎಂಬುದನ್ನು ಸಹ ನಾನು ಮೊದಲು ಓದಿದ್ದು ಲಂಡನ್ನಿನ ಗ್ರಂಥಾಲಯದಲ್ಲಿ. ನಮ್ಮ ಆಟಗಳನ್ನು ಯಾರೋ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸಿ ಹಣ ಮಾಡುವಾಗ ಬಣ್ಣ ಹಚ್ಚಿದವನು ಸುಮ್ಮನೆ ನೋಡುತ್ತಾ ಕೂರಬೇಕಾಗಿಲ್ಲ ಎಂಬುದು ಸಣ್ಣ ತಿಳಿವಳಿಕೆಯಲ್ಲ.

2023ರ ಕೊನೆಗೆ ನಾನು ಊರಿಗೆ ಮರಳಿದೆ. ಸಹಪಾಠಿಗಳಲ್ಲಿ ಹಲವರು ಅಲ್ಲಿಯೇ ಉಳಿದರು. ಇದರಲ್ಲಿ ನನ್ನ ತ್ಯಾಗವೇನೂ ಇಲ್ಲ. ಸಾಲದ ಕಂತು, ತಂದೆಯವರ ವಯಸ್ಸು, ಬಾಡಿಗೆ ಕೋಣೆಯ ಖರ್ಚು ಇವೆಲ್ಲ ಸೇರಿ ಮಾಡಿದ ತೀರ್ಮಾನವದು. ಬಂದ ಮೇಲೆ ಮಾಡಿದ ಮೊದಲ ಕೆಲಸ ಹೊಸ ದರಪಟ್ಟಿ. ಅದರಲ್ಲಿ ತಯಾರಿಕೆಯ ಕೂಲಿ, ವೇಷ ಕಟ್ಟುವವರ ಕೂಲಿ, ಸವಕಳಿ ಎಂಬ ಮೂರು ಸಾಲುಗಳನ್ನು ಪ್ರತ್ಯೇಕವಾಗಿ ಬರೆದೆ. ತಂದೆಯವರಿಗೆ ಸಂಕೋಚವಾಯಿತು. ಹಲವು ಶಾಲೆಗಳು ಬೇರೆ ಕಡೆ ಹೋದವು. ಕೆಲವು ಸಂಘಗಳವರು ಪಟ್ಟಿ ನೋಡಿ, ಇಷ್ಟು ಕೆಲಸ ಇದೆಯೆಂದು ನಮಗೆ ಗೊತ್ತೇ ಇರಲಿಲ್ಲವೆಂದು ಹೇಳಿ ಕೊಟ್ಟರು. ವ್ಯವಹಾರ ಮೊದಲಿಗಿಂತ ಚಿಕ್ಕದಾಗಿದೆ, ಆದರೆ ಇನ್ನು ಸುಳ್ಳು ಲಾಭ ತೋರಿಸುತ್ತಿಲ್ಲ. ತಾಯಿಯ ಹೆಸರಿನಲ್ಲಿ ಒಂದು ಬ್ಯಾಂಕ್ ಖಾತೆ ತೆರೆದಿದ್ದೇವೆ. ಸಾಲ ಇನ್ನೂ ತೀರಿಲ್ಲ.

ನಮ್ಮಲ್ಲಿ ಕಲೆಯ ಉದ್ಯಮಶೀಲತೆ ಇರಲಿಲ್ಲವೆಂದು ಯಾರೂ ಹೇಳಲಾಗದು. 1884ರಲ್ಲಿ ಆರಂಭವಾದ ಗುಬ್ಬಿ ಕಂಪನಿಯನ್ನು ಬೆಳೆಸಿದ ವೀರಣ್ಣನವರು ತಮ್ಮ ಆತ್ಮಕಥೆಗೆ ಇಟ್ಟ ಹೆಸರು ‘ಕಲೆಯೇ ಕಾಯಕ’. ಕಾಯಕವೆಂಬ ಮಾತಿನಲ್ಲಿ ಶ್ರದ್ಧೆಯೂ ದುಡಿಮೆಯೂ ಒಟ್ಟಿಗಿವೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಸಾಲಾಗಿ ಡೇರೆ ಹಾಕಿ ಪೈಪೋಟಿಯಲ್ಲಿ ಆಡುವ ನಾಟಕ ಕಂಪನಿಗಳಿಗೆ ಮಾರುಕಟ್ಟೆ ಎಂದರೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನೂ 1985ರಲ್ಲಿ ತಿರುಗಾಟವನ್ನೂ ಆರಂಭಿಸಿ, ಹಳ್ಳಿಯಿಂದಲೇ ನಾಡಿಗೆಲ್ಲ ನಾಟಕ ಮುಟ್ಟಿಸುವ ವ್ಯವಸ್ಥೆಯನ್ನು ಕಟ್ಟಿತು. ಈ ಅನುಭವಗಳೆಲ್ಲ ಇವೆ. ಅವು ಇರಬೇಕಾದಷ್ಟು ಪಾಠವಾಗಿ ತರಗತಿಗೆ ಬಂದಿಲ್ಲ, ಅಷ್ಟೇ.

ಬರಬೇಕಾದದ್ದು ಕಷ್ಟದ್ದೇನೂ ಅಲ್ಲ. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ, ರಂಗಶಾಲೆಗಳು, ಯಕ್ಷಗಾನ ಕೇಂದ್ರಗಳು ತಮ್ಮ ಪಠ್ಯದಲ್ಲಿ ಲೆಕ್ಕ, ಒಪ್ಪಂದ, ಹಕ್ಕು, ವಿಮೆ ಎಂಬ ನಾಲ್ಕು ವಿಷಯಗಳಿಗೆ ಒಂದು ಅವಧಿಯನ್ನು ಗಟ್ಟಿಯಾಗಿ ಮೀಸಲಿಡಲಿ. ಪಾಠ ಮಾಡಲು ಲೆಕ್ಕಪರಿಶೋಧಕರೊಬ್ಬರ ಜೊತೆ ಮೇಳದ ಯಜಮಾನರನ್ನೂ ಕಂಪನಿ ಮಾಲೀಕರನ್ನೂ ಕರೆಯಲಿ. ಅಕಾಡೆಮಿಗಳು ಧನಸಹಾಯದ ಅರ್ಜಿ ನಮೂನೆಯಲ್ಲಿ ಸಭಾಂಗಣ, ಧ್ವನಿವರ್ಧಕ, ಊಟೋಪಚಾರದ ಸಾಲುಗಳ ಮೇಲೆ ಮೊದಲ ಸಾಲಾಗಿ ‘ಕಲಾವಿದರ ಮತ್ತು ಸಹಾಯಕರ ಸಂಭಾವನೆ’ ಎಂದು ಅಚ್ಚು ಮಾಡಲಿ. ಅದು ಖಾಲಿ ಇರುವ ಅರ್ಜಿಯನ್ನು ವಾಪಸು ಕಳುಹಿಸಲಿ. ಸರ್ಕಾರ ಅನುದಾನದಿಂದ ಕೈ ತೊಳೆದುಕೊಳ್ಳಲು ಉದ್ಯಮಶೀಲತೆ ನೆಪವಾಗಬಾರದು. ಖರ್ಚೆಷ್ಟು, ಗಳಿಕೆಯೆಷ್ಟು, ನಡುವಿನ ಅಂತರವೆಷ್ಟು ಎಂಬುದು ಅಂಕಿಗಳಲ್ಲಿ ಮುಂದಿದ್ದರೆ ಅನುದಾನ ಕೇಳುವವನ ದನಿಯೂ ಗಟ್ಟಿಯಾಗುತ್ತದೆ.

ವಿದೇಶಕ್ಕೆ ಹೋಗಿ ಓದುವವರು ಹೋಗಲಿ. ಜಗತ್ತನ್ನು ನೋಡುವುದು ಒಳ್ಳೆಯದೇ. ಆದರೆ ಕಿರೀಟ ಮಾಡುವವನಿಗೂ ಕೂಲಿ ಉಂಟು ಎಂಬ ಮಾತನ್ನು ಕಲಿಯಲು ತೋಟದ ಪತ್ರ ಅಡವಿಡಬೇಕಾದ ಸ್ಥಿತಿ ಮುಂದಿನವರಿಗೆ ಬರಬಾರದು. ಆ ಪಾಠ ನಮ್ಮ ಊರಿನಲ್ಲಿ, ನಮ್ಮ ನುಡಿಯಲ್ಲಿ, ನಮ್ಮ ಚೌಕಿಯಲ್ಲಿಯೇ ಸಿಗುವಂತಾಗಬೇಕು.